ಸಣ್ಣ ತೂತನ್ನು ದೊಡ್ಡ ಖರ್ಚಾಗಿ ಬೆಳೆಸುವ ಕ್ರಮ

ಬೇಕಾಗುವ ಸಾಮಗ್ರಿ: ಒಂದು ದವಡೆ ಹಲ್ಲು, ದಿನಕ್ಕೆ ನಾಲ್ಕೈದು ಲೋಟ ಸಕ್ಕರೆ ಕಾಫಿ, ಮತ್ತು ‘ಬರೋ ವಾರ ನೋಡೋಣ’ ಎನ್ನುವ ಸ್ವಭಾವ. ಮೂರನೆಯದು ತಾಜಾ ಇರಬೇಕು.

ಮೊದಲು ಹಲ್ಲಿನ ಮೇಲೆ ಕಪ್ಪು ಚುಕ್ಕೆಯೊಂದು ಕಾಣುತ್ತದೆ. ಕನ್ನಡಿ ಹಿಡಿದು ಹುಳ ಹುಡುಕಬೇಡಿ, ಅಲ್ಲಿ ಹುಳವಿಲ್ಲ. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಪಿಎಚ್ ಮಟ್ಟ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಕವಚವಾದ ಎನಾಮಲ್ ಕರಗತೊಡಗುತ್ತದೆ. ಇಡೀ ದೇಹದಲ್ಲಿ ಅದರಷ್ಟು ಗಟ್ಟಿಯಾದದ್ದು ಬೇರೊಂದಿಲ್ಲ. ಆದರೆ ಅದರೊಳಗೆ ಜೀವಕೋಶಗಳಿಲ್ಲದ ಕಾರಣ, ಮುರಿದ ಮೂಳೆ ಕೂಡಿಕೊಳ್ಳುವಂತೆ ಹಲ್ಲಿನ ತೂತು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಎನಾಮಲ್‌ಗೆ ನರವೂ ಇಲ್ಲ, ಹಾಗಾಗಿ ನೋವೂ ಇಲ್ಲ. ಧೈರ್ಯವಾಗಿ ಮುಂದೂಡಿ.

ಎಚ್ಚರಿಕೆ: ಈ ಹಂತದಲ್ಲಿ ದಂತವೈದ್ಯರ ಬಳಿ ಹೋದರೆ ಯೋಜನೆಯೇ ಕೆಡುತ್ತದೆ. ಅವರು ಹುಳುಕನ್ನು ಕೊರೆದು ತೆಗೆದು, ಹಲ್ಲಿನದೇ ಬಣ್ಣದ ಕಾಂಪೋಸಿಟ್ ತುಂಬಿ, ನೀಲಿ ಬೆಳಕು ಹಿಡಿದು ಪದರ ಪದರವಾಗಿ ಗಟ್ಟಿ ಮಾಡಿ ಒಂದೇ ಭೇಟಿಯಲ್ಲಿ ಮನೆಗೆ ಕಳಿಸಿಬಿಡುತ್ತಾರೆ. ನಮ್ಮ ಹಿರಿಯರು ತುಂಬಿಸಿಕೊಂಡದ್ದು ‘ಬೆಳ್ಳಿ’. ಹೆಸರಿಗೆ ಬೆಳ್ಳಿ, ತೂಕದಲ್ಲಿ ಅರ್ಧದಷ್ಟು ಪಾದರಸ. ಗಟ್ಟಿಮುಟ್ಟಾಗಿ ಬಾಳುತ್ತಿತ್ತು ಎನ್ನುವುದನ್ನೂ ಒಪ್ಪಬೇಕು.

ಮುಂದೆ ಐಸ್‌ಕ್ರೀಮ್ ತಿಂದಾಗ ಹಲ್ಲು ಜುಮ್ಮೆನ್ನುತ್ತದೆ. ಕೂಡಲೇ ಇನ್ನೊಂದು ದವಡೆಗೆ ವರ್ಗವಾಗಿ. ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಡಿ. ಅದರೊಳಗಿನ ಯೂಜಿನಾಲ್ ನರವನ್ನು ಮರಗಟ್ಟಿಸುತ್ತದೆ, ತೂತನ್ನಂತೂ ಮುಟ್ಟುವುದಿಲ್ಲ. ನಿಮಗೆ ಬೇಕಾದದ್ದೂ ಅಷ್ಟೇ. ಒಂದು ರಾತ್ರಿ, ತಲೆ ದಿಂಬಿಗೆ ತಾಗಿದೊಡನೆ ಹಲ್ಲು ನಾಡಿಯಂತೆ ಮಿಡಿಯತೊಡಗುತ್ತದೆ. ಒಳಗಿನ ತಿರುಳು ಊದಿಕೊಂಡಿದೆ, ಸುತ್ತಲೂ ಗಟ್ಟಿ ಗೋಡೆ, ಊದಲು ಜಾಗವಿಲ್ಲ. ಆಗ ಮನೆಯವರೆಲ್ಲ ಎದ್ದು ತಲೆಗೊಂದು ಮದ್ದು ಹೇಳುತ್ತಾರೆ. ಎಲ್ಲವನ್ನೂ ಪ್ರಯತ್ನಿಸಿ, ಬೆಳಗಾಗುತ್ತದೆ.

ಈಗ ರೂಟ್ ಕೆನಾಲ್. ಕೆಟ್ಟ ತಿರುಳು ತೆಗೆದು, ಬೇರಿನ ನಾಳಗಳನ್ನು ಕೂದಲೆಳೆಯಂಥ ಅರಗಳಿಂದ ಉಜ್ಜಿ, ಗಟ್ಟಾಪರ್ಚಾ ತುಂಬುತ್ತಾರೆ. ಆಗ್ನೇಯ ಏಷ್ಯಾದ ಮರದ ಹಾಲಿನಿಂದ ಬರುವ ಈ ಪದಾರ್ಥವನ್ನು 19ನೇ ಶತಮಾನದಲ್ಲಿ ಸಮುದ್ರದಡಿಯ ಟೆಲಿಗ್ರಾಫ್ ತಂತಿಗಳಿಗೆ ಹೊದಿಸುತ್ತಿದ್ದರು. ಖಂಡಾಂತರ ಸುದ್ದಿಯನ್ನು ಕಾಪಾಡಿದ್ದು ಈಗ ನಿಮ್ಮ ದವಡೆಯಲ್ಲಿ ಸುದ್ದಿಯೇ ಏಳದಂತೆ ಕೂತಿದೆ.

ಬಹುಪಾಲು ಜನ ಇಲ್ಲಿಗೇ ತೃಪ್ತರಾಗುತ್ತಾರೆ. ನಿಜವಾದ ಕಲೆಗಾರಿಕೆ ಇರುವುದು ಇನ್ನು ಮುಂದೆ. ಡಾಕ್ಟರು ‘ಕ್ಯಾಪ್ ಹಾಕಿಸಿಕೊಳ್ಳಿ’ ಎಂದಾಗ ‘ನೋವೇ ಇಲ್ವಲ್ಲ ಡಾಕ್ಟ್ರೇ, ಮಗಳ ಮದುವೆ ಮುಗೀಲಿ’ ಎನ್ನಿ. ಹುಳುಕಿಗೂ ಕೊರೆತಕ್ಕೂ ಅರ್ಧ ಹಲ್ಲು ಹೋಗಿದೆ, ಉಳಿದ ಗೋಡೆಗಳು ತೆಳು. ಜಿರ್ಕೋನಿಯಾದ್ದೋ ಲೋಹದ ಮೇಲೆ ಪಿಂಗಾಣಿಯದ್ದೋ, ಒಂದು ಟೋಪಿ ಇದ್ದಿದ್ದರೆ ಅಗಿಯುವ ಭಾರ ಹಂಚಿಹೋಗುತ್ತಿತ್ತು. ಇಲ್ಲದ್ದರಿಂದ, ಅದೇ ಮದುವೆಮನೆಯ ಕೋಡುಬಳೆ ಸಾಕು. ಬಿರುಕು ಬೇರಿನವರೆಗೆ ಇಳಿದರೆ ಸಾಮಾನ್ಯವಾಗಿ ಹಲ್ಲು ಕೀಳುವುದೊಂದೇ ದಾರಿ.

ಕಿತ್ತ ಜಾಗಕ್ಕೆ ಬ್ರಿಡ್ಜ್ ಕಟ್ಟಿಸಬಹುದು. ಅದಕ್ಕಾಗಿ ಏನೂ ತಪ್ಪು ಮಾಡದ ಅಕ್ಕಪಕ್ಕದ ಹಲ್ಲುಗಳನ್ನು ಸಾಮಾನ್ಯವಾಗಿ ಅರೆಯಬೇಕಾಗುತ್ತದೆ. ತೆಗೆದಿಟ್ಟು ಮತ್ತೆ ಹಾಕಿಕೊಳ್ಳುವ ಕೃತಕ ಹಲ್ಲು ಅಗ್ಗ. ಇಂಪ್ಲಾಂಟ್ ಎಂದರೆ ದವಡೆ ಮೂಳೆಯೊಳಗೆ ಟೈಟಾನಿಯಂ ತಿರುಪು. ಮೂಳೆ ಈ ಲೋಹಕ್ಕೆ ಅಂಟಿಕೊಳ್ಳುವುದನ್ನು ಕಂಡ ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್, 1965ರಲ್ಲಿ ಮೊದಲ ರೋಗಿಗೆ ಅದನ್ನು ಕೂರಿಸಿದರು. ಮೂಳೆ ಹಿಡಿದುಕೊಳ್ಳಲು ಕೆಲವು ತಿಂಗಳು ಕಾಯಬೇಕು. ಮುಂದೂಡಿ ಅಭ್ಯಾಸವಿರುವವರಿಗೆ ಇದು ಕಷ್ಟವಲ್ಲ.

ಟೈಟಾನಿಯಂಗೆ ಹುಳುಕು ಹಿಡಿಯುವುದಿಲ್ಲ, ಆದರೆ ಅದರ ಸುತ್ತಲಿನ ಒಸಡಿಗೆ ಸೋಂಕು ತಗಲಬಹುದು. ಆದ್ದರಿಂದ ಇದನ್ನೂ ದಿನಕ್ಕೆರಡು ಸಲ ಉಜ್ಜತಕ್ಕದ್ದು. ಬ್ರಷ್ಷಿನ ಬೆಲೆ ಬಿಲ್ಲಿನಲ್ಲಿ ಸೇರಿಲ್ಲ.