ಗೇಮಿನೊಳಗಿನ ಕಬ್ಬು

ಚಿಕ್ಕೋಡಿ ಕಡೆ ಮಂದಿಗೆ ತಿಳಿಯುವ ನೌಕರಿಗಳು ನಾಲ್ಕೇ: ಸಕ್ಕರೆ ಕಾರ್ಖಾನೆ, ಸೊಸೈಟಿ, ಸಾಲಿ ಮಾಸ್ತರಿಕೆ, ಮಿಲ್ಟ್ರಿ. ವಿಡಿಯೊ ಗೇಮಿನ ಟೆಕ್ನಿಕಲ್ ಆರ್ಟಿಸ್ಟ್ ಈ ಯಾವ ಲೆಕ್ಕಕ್ಕೂ ಕೂಡುವುದಿಲ್ಲ. ಕಾಗವಾಡಕ್ಕೆ ಕನ್ಯಾ ನೋಡಲು ಹೋದಾಗ ಹುಡುಗಿಯ ಸೋದರಮಾವ ವಿಚಾರಣೆ ಶುರುಮಾಡಿದರು.

“ಗೇಮ್ ಆಡಾಕ ಪಗಾರ ಕೊಡ್ತಾರೇನ್ರಿ?”

“ಆಡಾಕಲ್ರಿ, ಮಾಡಾಕ.”

“ಚಿತ್ರ ನೀವ ತೆಗೀತೀರಿ?”

“ಅದಕ್ಕ ಬ್ಯಾರೆ ಮಂದಿ ಅದಾರ್ರಿ.”

“ಪ್ರೋಗ್ರಾಮು?”

“ಅದಕ್ಕೂ ಬ್ಯಾರೆ ಅದಾರ.”

“ಹಂಗಾರ ನೀವು?”

ನಾನು ಶಿರಾದ ತಟ್ಟೆಗೆ ಕೈಹಾಕಿದೆ. ಕಾಕಾ ನಡುವೆ ಬಾಯಿಹಾಕಿ, “ಕಂಪ್ಯೂಟರ್‌ನಾಗ ಅದಾನ್ರಿ,” ಎಂದು ಮರ್ಯಾದೆ ಉಳಿಸಿದರು.

ಈ ದಾರಿಗೆ ನನ್ನನ್ನು ಎಳೆದದ್ದು ಅಥಣಿಯ ಚಪ್ಪಲಿ. ಡಿಸೈನ್ ಕಾಲೇಜಿನಲ್ಲಿ ಯಾವುದಾದರೊಂದು ಕರಕುಶಲವನ್ನು ದಾಖಲಿಸಬೇಕಿತ್ತು. ಹೆಸರು ಕೊಲ್ಹಾಪುರಿಯಾದರೂ ಅಥಣಿ, ನಿಪ್ಪಾಣಿ ಕಡೆ ತಲೆಮಾರುಗಳಿಂದ ಅದನ್ನು ಹೊಲಿಯುತ್ತ ಬಂದಿದ್ದಾರೆ. 2019ರಲ್ಲಿ ಸಿಕ್ಕ ಜಿಐ ಟ್ಯಾಗಿನಲ್ಲಿ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿವೆ. ಆ ಚಪ್ಪಲಿಯನ್ನು ತ್ರೀಡಿಯಲ್ಲಿ ಮಾಡುತ್ತ ಹೆಣಿಗೆಯ ಎಳೆ ಎಳೆಯನ್ನೂ ಕೂಡಿಸತೊಡಗಿದಾಗ ಲ್ಯಾಪ್‌ಟಾಪು ಕಬ್ಬಿನ ಟ್ರ್ಯಾಕ್ಟರಿನ ಹಾಗೆ ಏದುಸಿರು ಬಿಟ್ಟಿತು. ಆಗ ಸೀನಿಯರ್ ಒಬ್ಬ ನಾರ್ಮಲ್ ಮ್ಯಾಪ್ ತೋರಿಸಿದ. ಪಟ್ಟಿ ಸಪಾಟಾಗಿಯೇ ಇರಲಿ. ಎಲ್ಲಿ ಉಬ್ಬು, ಎಲ್ಲಿ ತಗ್ಗು, ಬೆಳಕು ಯಾವ ಕಡೆ ತಿರುಗಬೇಕು ಎಂಬುದನ್ನು ಒಂದು ನೀಲಿ ಚಿತ್ರದಲ್ಲಿ ಬರೆದಿಟ್ಟರೆ ಸಾಕು, ಕಣ್ಣಿಗೆ ಹೆಣಿಗೆ ಕಾಣುತ್ತದೆ. ಇಷ್ಟು ಅಂದವಾದ ಮೋಸಕ್ಕೆ ಪಗಾರವೂ ಉಂಟು ಅಂದಮೇಲೆ ನಾನು ಬಿಡುವವನೇ?

ಈಗಿನ ಗೇಮಿನಲ್ಲಿ ಒಂದು ಕಬ್ಬಿನ ಹೊಲ ಇದೆ. ಕಲಾವಿದ ಒಂದೊಂದು ಗರಿಗೂ ನರ ಬಿಡಿಸಿದ್ದ. ಪ್ರೋಗ್ರಾಮರ್ ತಲೆ ಹಿಡಿದು ಕೂತಿದ್ದ. ಸೆಕೆಂಡಿಗೆ 60 ಫ್ರೇಮ್ ಓಡಬೇಕಾದರೆ ಒಂದು ಫ್ರೇಮಿಗೆ ಸಿಗುವುದು 16 ಮಿಲಿಸೆಕೆಂಡು ಚಿಲ್ಲರೆ. ಅಷ್ಟನ್ನೂ ಕಬ್ಬೇ ತಿಂದರೆ ನಾಯಕ ನಡೆಯುವುದು ಯಾವಾಗ? ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದು. ನಿಪ್ಪಾಣಿ ಬಜಾರಿನಲ್ಲಿ ಕನ್ನಡದ ಗಿರಾಕಿಗೂ ಮರಾಠಿ ವ್ಯಾಪಾರಿಗೂ ನಡುವೆ ನಿಂತು ದರ ಕುದುರಿಸಿ ಬೆಳೆದವನಿಗೆ ಇದೇನು ಹೊಸದಲ್ಲ. ಹತ್ತಿರದ ಕಬ್ಬು ಪೂರಾ ಇಟ್ಟೆ. ದೂರದ್ದಕ್ಕೆ ಅಡ್ಡಡ್ಡ ನಿಂತ ಎರಡು ಚಪ್ಪಟೆ ಚಿತ್ರ. ಗಾಳಿಗೆ ಒಂದು ಶೇಡರ್, ಅಂದರೆ ಗ್ರಾಫಿಕ್ಸ್ ಚಿಪ್ಪಿನಲ್ಲಿ ಓಡುವ ಪುಟ್ಟ ಪ್ರೋಗ್ರಾಮು, ಬರೆದೆ: ಬುಡ ಅಲ್ಲಾಡಬಾರದು, ಮೇಲೇರಿದಂತೆ ತೂಗಾಟ ಹೆಚ್ಚಬೇಕು. ಇಬ್ಬರೂ ಒಪ್ಪಿದರು.

ಅಪ್ಪ ಒಪ್ಪಲಿಲ್ಲ. ಮೊಬೈಲನ್ನು ದೂರ ಹಿಡಿದು ನೋಡಿ, “ಗಾಳಿ ಚಲೋ ಬೀಸೇತಿ. ರವದಿ ಎಲ್ಲೈತೊ? ಬುಡ ಹಿಂಗ ಬೋಳಿದ್ದರ ಅದು ಕಬ್ಬಲ್ಲ, ಜ್ವಾಳ,” ಎಂದರು. ಇಡೀ ಸ್ಟುಡಿಯೊದಲ್ಲಿ ಯಾರಿಗೂ ಹೊಳೆಯದ ಕೊರತೆ. ಮರುದಿನವೇ ರವದಿ, ಅಂದರೆ ಬುಡದ ಒಣಗರಿ, ಸೇರಿಸಿದೆ. ಪ್ರೋಗ್ರಾಮರ್ ಎರಡು ದಿನ ಮಾತು ಬಿಟ್ಟ.

ಈ ಕಸುಬು ನಮ್ಮ ಕಡೆಗೆ ತೀರ ಹೊಸದೇನಲ್ಲ. ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಕಂಪನಿ ಶುರುವಾದದ್ದು 1997ರಲ್ಲಿ; 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕಂಪನಿ ಕೊಂಡಿತು. ನಮಗೆ ಇನ್ನೂ ಹತ್ತಿರದ ಪುಣೆಯಲ್ಲೇ ‘ರಾಜಿ’ ಗೇಮ್ ಹುಟ್ಟಿ 2020ರಲ್ಲಿ ಹೊರಬಂತು. ಕಲಿಯಲು ಬೇಕಾದ ಬ್ಲೆಂಡರ್, ಪೈಥಾನ್ ಎರಡೂ ಪುಕ್ಕಟೆ. ರಾಯಬಾಗದಲ್ಲೋ ಅಥಣಿಯಲ್ಲೋ ನೋಟ್‌ಬುಕ್ಕಿನ ತುಂಬ ಚಿತ್ರ ಗೀಚುವ ಮಗು ನಿಮ್ಮ ಮನೆಯಲ್ಲಿದ್ದರೆ ಬಯ್ಯಬೇಡಿ. ಸೈನ್, ಕೊಸೈನ್ ಮಾತ್ರ ಬಿಡಬೇಡ ಅಂತ ಹೇಳಿರಿ. ಗೇಮಿನೊಳಗಿನ ಕಬ್ಬು ತೂಗುವುದು ಅದರ ಮೇಲೆಯೇ.