ತೆರೆಯದ ಡಬ್ಬಿಯ ತತ್ತ್ವ: ಉತ್ತರ ಬೆಂಗಳೂರಿನ ಕ್ರಿಸ್‌ಮಸ್ ಉಡುಗೊರೆಗಳ ಮೀಮಾಂಸೆ

ದಾನದ ವಿಷಯ ಬಂದರೆ ನಮ್ಮ ಪೂರ್ವಿಕರು ಕೈ ಹಿಡಿದು ಬರೆದವರಲ್ಲ. 13ನೆಯ ಶತಮಾನದ ಹೇಮಾದ್ರಿ ‘ಚತುರ್ವರ್ಗ ಚಿಂತಾಮಣಿ’ಯಲ್ಲಿ ದಾನಕ್ಕೆಂದೇ ಒಂದು ಖಂಡ ಮೀಸಲಿಟ್ಟ. ಗೋದಾನ, ಭೂದಾನ, ತಿಲದಾನ, ತುಲಾಪುರುಷದಾನ ಎಲ್ಲವೂ ಅಲ್ಲಿವೆ. ಪ್ಲಮ್ ಕೇಕ್ ಇಲ್ಲ, ಸುವಾಸನೆಯ ಮೇಣದಬತ್ತಿ ಇಲ್ಲ, ನಗುಮುಖ ಅಚ್ಚೊತ್ತಿದ ಕಾಫಿ ಮಗ್ಗೂ ಇಲ್ಲ. ಈ ಕೊರತೆಯನ್ನು ತುಂಬುವ ಭಾರ ಪ್ರಸ್ತುತ ಪ್ರಬಂಧದ ಮೇಲೆ ಬಿದ್ದಿದೆ. ಅಧ್ಯಯನದ ಕ್ಷೇತ್ರ ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರಗಳ ನಡುವಿನ ಸೀಮೆ. ಕಾಲ, ಡಿಸೆಂಬರ್ ನಡುವಿನಿಂದ ಹಿಡಿದು ಸಂಕ್ರಾಂತಿಯ ಎಳ್ಳು-ಬೆಲ್ಲ ಬಂದು ಕೇಕನ್ನು ಹಿಂದಕ್ಕೆ ತಳ್ಳುವವರೆಗೆ. ಪ್ರತಿಜ್ಞೆ ಇಷ್ಟು: ಕ್ರಿಸ್‌ಮಸ್ ಉಡುಗೊರೆಯ ಆಧ್ಯಾತ್ಮಿಕ ಅರ್ಥ ಡಬ್ಬಿಯ ಒಳಗಿಲ್ಲ, ಡಬ್ಬಿಯನ್ನು ತೆರೆಯದೆ ಇನ್ನೊಬ್ಬರಿಗೆ ದಾಟಿಸುವುದರಲ್ಲಿದೆ.

ಮೊದಲು ಶಾಸನಪ್ರಮಾಣ. ಹೆಬ್ಬಾಳದಲ್ಲೇ ಸಿಕ್ಕ, ಗಂಗರ ಶ್ರೀಪುರುಷನ ಕಾಲದ ಕಿತ್ತಯ್ಯನ ಕಲ್ಲು 8ನೆಯ ಶತಮಾನದ್ದು, ನಿಜ. ಆದರೆ ಅದು ವೀರಗಲ್ಲು. ಊರಿಗಾಗಿ ಪ್ರಾಣ ಕೊಟ್ಟವನನ್ನು ಕೇಕಿನ ವ್ಯವಹಾರಕ್ಕೆ ಸಾಕ್ಷಿ ಕರೆಯುವುದು ಶಿಷ್ಟಾಚಾರವಲ್ಲ. ಹಾಗಾಗಿ ದಾನಶಾಸನಗಳ ಕೊನೆಯ ಶಾಪಾಶಯದ ಶ್ಲೋಕಗಳಿಗೇ ಹೋಗೋಣ. ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿರುವ ಭಾಗ. ಮಾರಿದ ಮಾಲು ವಾಪಸಿಲ್ಲ ಎನ್ನುವ ಬಿಲ್ಲುಗಳ ಷರತ್ತು ಇದರ ಮುಂದೆ ಎಷ್ಟೋ ಮೃದು. ನಮಗೆ ಬೇಕಾದ್ದು ಇನ್ನೊಂದು ಶ್ಲೋಕದ ಆಶಯ: ತಾನೇ ಕೊಡುವುದಕ್ಕಿಂತ, ಬೇರೆಯವರು ಕೊಟ್ಟದ್ದನ್ನು ಕಾಪಾಡುವುದರಲ್ಲಿ ಇಮ್ಮಡಿ ಪುಣ್ಯ. ರಿಬ್ಬನ್ ಬಿಚ್ಚದೆ, ಮೂಸಿಯೂ ನೋಡದೆ ಮುಂದಕ್ಕೆ ಸಾಗಿಸುವುದಕ್ಕಿಂತ ಮಿಗಿಲಾಗಿ ಕಾಪಾಡುವುದು ಹೇಗೆ? ಹೊಸ ಕೇಕ್ ಕೊಂಡು ಕೊಡುವವರಿಗೆ ಒಂದು ಪಾಲು, ಬಂದ ಕೇಕನ್ನೇ ಕೊಡುವವರಿಗೆ ಎರಡು ಪಾಲು. ಪ್ರತಿಗ್ರಹ, ಎಂದರೆ ದಾನ ಪಡೆಯುವುದು, ಪಡೆದವನ ತೇಜಸ್ಸನ್ನು ಕುಂದಿಸುತ್ತದೆಂದು ಮನುಸ್ಮೃತಿಯೂ ಎಚ್ಚರಿಸುತ್ತದೆ. ಶುಗರ್ ಇರುವವರಿಗೆ ಈ ಮಾತು ಅಕ್ಷರಶಃ ಅನ್ವಯ.

ಎರಡನೆಯದು ಮಾನವಶಾಸ್ತ್ರದ ಪ್ರಮಾಣ. ನ್ಯೂಗಿನಿಯ ಪಕ್ಕದ ಟ್ರೋಬ್ರಿಯಾಂಡ್ ದ್ವೀಪಗಳ ‘ಕುಲ’ ಪದ್ಧತಿಯನ್ನು ಮಲಿನೋವ್‌ಸ್ಕಿ 1922ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಪ್ರದಕ್ಷಿಣವಾಗಿ, ಬಿಳಿ ಚಿಪ್ಪಿನ ತೋಳುಬಳೆಗಳು ಅಪ್ರದಕ್ಷಿಣವಾಗಿ ಸುತ್ತುತ್ತಿರುತ್ತವೆ. ಬಹುಕಾಲ ಇಟ್ಟುಕೊಂಡವನಿಗೆ ಕೆಟ್ಟ ಹೆಸರು. ಅಲ್ಲಿ ದೋಣಿ, ಇಲ್ಲಿ ಸ್ಕೂಟರ್. ಅಲ್ಲಿ ಸಮುದ್ರ, ಇಲ್ಲಿ ಹೆಬ್ಬಾಳ ಫ್ಲೈಓವರ್. ಸಾಂಪ್ರದಾಯಿಕ ಅಯ್ಯಂಗಾರ್ ಬೇಕರಿಯ ಕೇಕಿನಲ್ಲಿ ಮೊಟ್ಟೆ ಇಲ್ಲವಾದ್ದರಿಂದ ಅದರ ಸಂಚಾರಕ್ಕೆ ಯಾವ ಮನೆಯ ಹೊಸಿಲೂ ಅಡ್ಡಿಯಲ್ಲ. ಭೌತಿಕ ಸಾಕ್ಷ್ಯ ಬೇಕೆನ್ನುವವರು ಡಬ್ಬಿ ಮಗುಚಿ ನೋಡಬಹುದು: ಉಗುರಿನಿಂದ ಕೆರೆದರೂ ಪೂರ್ತಿ ಏಳದ ಬೆಲೆ ಚೀಟಿಯ ಅಂಟು, ಪಕ್ಕದಲ್ಲಿ ಇನ್ನೊಂದು ಗಮ್ ಟೇಪಿನ ಗುರುತು, ರಿಬ್ಬನ್ನಿನಲ್ಲಿ ಹಳೆಯ ಗಂಟಿನ ಸುಕ್ಕು, ಹೆಸರು ಬರೆಯುವ ಜಾಗದಲ್ಲಿ ಎರಡು ಪದರ ವೈಟ್ನರ್. ಓದಬಲ್ಲವರಿಗೆ ಇದು ಸಹಕಾರನಗರದಿಂದ ಆರ್.ಟಿ. ನಗರಕ್ಕೆ, ಅಲ್ಲಿಂದ ಯಲಹಂಕ ನ್ಯೂಟೌನಿಗೆ ನಡೆದ ತೀರ್ಥಯಾತ್ರೆಯ ತಾಮ್ರಪಟ. ಮಾನ್ಯತಾ ಟೆಕ್ ಪಾರ್ಕಿನಂಥ ಕಡೆ ಕಚೇರಿಗಳು ನಡೆಸುವ ಸೀಕ್ರೆಟ್ ಸಾಂಟಾ ಇನ್ನೂ ಒಂದು ಮೆಟ್ಟಿಲು ಮೇಲೆ. ಚೀಟಿ ಎತ್ತಿ, ಹೆಸರು ಹೇಳದೆ ಕೊಡಬೇಕು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯ, ಪ್ರತ್ಯುಪಕಾರ ಬಯಸದೆ ಕೊಟ್ಟದ್ದೇ ಸಾತ್ತ್ವಿಕವೆಂದು ಗೀತೆಯ 17ನೆಯ ಅಧ್ಯಾಯ. ಎರಡು ಧರ್ಮಗ್ರಂಥಗಳು ಪಟ್ಟು ಹಿಡಿದು ಬೋಧಿಸಿದ್ದನ್ನು ಎಚ್.ಆರ್. ವಿಭಾಗ ಒಂದೇ ಇಮೇಲಿನಲ್ಲಿ ಜಾರಿಗೆ ತರುತ್ತದೆ, ಐನೂರು ರೂಪಾಯಿ ಮೀರಬಾರದೆಂಬ ವೈರಾಗ್ಯದ ಸಮೇತ.

ಇನ್ನು ಪೂರ್ವಪಕ್ಷ. ಅರ್ಥಶಾಸ್ತ್ರಜ್ಞ ಜೋಯಲ್ ವಾಲ್ಡ್‌ಫೋಗೆಲ್ 1993ರಲ್ಲಿ ಕ್ರಿಸ್‌ಮಸ್ ಉಡುಗೊರೆಗಳ ಲೆಕ್ಕ ಹಾಕಿ, ಅವುಗಳ ಬೆಲೆಯಲ್ಲಿ ಶೇ. 10ರಿಂದ ಮೂರನೇ ಒಂದು ಭಾಗದವರೆಗೆ ಪಡೆದವರ ಎಣಿಕೆಯಲ್ಲಿ ಕರಗಿಹೋಗುತ್ತದೆ, ಅದು ಶುದ್ಧ ನಷ್ಟ ಎಂದರು. ಲೆಕ್ಕ ಸರಿ, ತೀರ್ಮಾನ ಅವಸರದ್ದು. ಕೊಟ್ಟವರ ಜೇಬಿನಿಂದ ಹೊರಟು ಪಡೆದವರ ಕೈ ಸೇರದ ಹಣ ಎಲ್ಲಿಗೆ ಹೋಯಿತೆಂದು ಅವರು ವಿಚಾರಿಸಲಿಲ್ಲ. ಇಹದ ಎರಡು ಖಾತೆಗಳಲ್ಲೂ ಕಾಣದ್ದು ಪರದ ಖಾತೆಗೆ ಜಮಾ ಆಗಿರಲೇಬೇಕು. ಮೂಲ ಉಡುಗೊರೆಗಳಾದರೂ ಉಪಯೋಗಕ್ಕೆ ಬರುವಂಥವಾಗಿದ್ದವಲ್ಲ ಎಂಬುದು ಮತ್ತೊಂದು ಆಕ್ಷೇಪ. ಮೂಡಣ ದೇಶದ ಜೋಯಿಸರು ಶಿಶು ಯೇಸುವಿಗೆ ತಂದದ್ದು ಚಿನ್ನ, ಧೂಪ, ರಕ್ತಬೋಳ. ಚಿನ್ನದ ಮಾತು ಒಪ್ಪೋಣ. ಆದರೆ ಹೆಣಕ್ಕೆ ಲೇಪಿಸುವ ರಕ್ತಬೋಳವನ್ನು ಹಸುಗೂಸಿಗೆ ಕೊಟ್ಟವರ ಪರಂಪರೆಯಲ್ಲಿ, ಪಿ.ಜಿ.ಯಲ್ಲಿ ಒಂಟಿಯಾಗಿರುವ ಹುಡುಗನಿಗೆ ‘ಹ್ಯಾಪಿ ಫ್ಯಾಮಿಲಿ’ ಫೋಟೊ ಫ್ರೇಮ್ ಕೊಡುವುದು ಲೋಪವೇ ಅಲ್ಲ. ಆ ರಕ್ತಬೋಳ ಆಮೇಲೆ ಏನಾಯಿತೆಂಬ ಬಗ್ಗೆ ಮತ್ತಾಯ ಮೌನಿ. ಯಾರಿಗೋ ದಾಟಿಸಿರಬೇಕು ಎಂಬ ನಮ್ಮ ಊಹೆಗೆ ಈ ಮೌನವೇ ಬಲ.

ಉಳಿದ ಆಕ್ಷೇಪ ಒಂದೇ, ಸ್ವಲ್ಪ ಗಟ್ಟಿಯಾದದ್ದು: ಕುಸ್ವಾರ್. ಮಂಗಳೂರು ಮೂಲದ ಕ್ರೈಸ್ತ ಮನೆಗಳಿಂದ ಬರುವ ಈ ತಟ್ಟೆಯಲ್ಲಿ ಸಕ್ಕರೆಪಾಕ ಹೊದ್ದ ಕಿಡ್ಯೊ, ಎಳ್ಳು-ಕೊಬ್ಬರಿ ತುಂಬಿದ ನೆವ್ರಿ, ಗೋಲಿಯಂಥ ಗುಳಿಯೊ ಇರುತ್ತವೆ. ಕಿಡ್ಯೊವನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒಂದೊಂದಾಗಿ ಒತ್ತಿ ಸುರುಳಿ ಸುತ್ತಬೇಕು. ಡಬ್ಬ ತುಂಬಲು ಮನೆಮಂದಿಯೆಲ್ಲ ಕೂರಬೇಕು. ಇದು ನಮ್ಮ ಸಿದ್ಧಾಂತಕ್ಕೆ ಬಗ್ಗುವುದಿಲ್ಲ. ದಾಟಿಸೋಣವೆಂದರೆ ಪಕ್ಕದ ಮನೆಗೂ ಆಗಲೇ ಹೋಗಿರುತ್ತದೆ. ಎತ್ತಿಡೋಣವೆಂದರೆ ಬಾಗಿಲು ಮುಚ್ಚುವಷ್ಟರಲ್ಲಿ ಅರ್ಧ ಖಾಲಿ. ತಟ್ಟೆಯನ್ನು ಬರಿದಾಗಿ ಮರಳಿಸಬಾರದಾದ್ದರಿಂದ ಅದು ಸಂಕ್ರಾಂತಿಗೆ ಎಳ್ಳು, ಕಬ್ಬು, ಸಕ್ಕರೆ ಅಚ್ಚು ಹೊತ್ತು ಹಿಂದಿರುಗುತ್ತದೆ. ಮುಂದಿನ ಡಿಸೆಂಬರಿಗೆ ಮತ್ತೆ ಬರುತ್ತದೆ. ಕೊಟ್ಟವರ ಹೆಸರು, ಕೈರುಚಿ, ಈ ಸಲ ಪಾಕ ಒಂದೆಳೆ ಹೆಚ್ಚಾಯಿತೆಂಬ ವಿಮರ್ಶೆ ಎಲ್ಲವೂ ನೆನಪಿನಲ್ಲಿರುತ್ತವೆ. ಗುಟ್ಟಿಲ್ಲ, ವೈರಾಗ್ಯವಿಲ್ಲ, ಎರಡೂ ಕಡೆ ನಿರೀಕ್ಷೆ ಧಾರಾಳ. ಅಂಟಿಸಲು ಬೆಲೆ ಚೀಟಿಯೂ ಇಲ್ಲ. ಆದ್ದರಿಂದ ಕುಸ್ವಾರ್ ಉಡುಗೊರೆಯೇ ಅಲ್ಲವೆಂದು ನಿರ್ಣಯಿಸಿ ಅದನ್ನು ಈ ಪ್ರಬಂಧದ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಸಿದ್ಧಾಂತಕ್ಕೆ ಹೊಂದದ್ದನ್ನು ತಿಂದು ಮುಗಿಸುವುದೊಂದೇ ವಿದ್ವಾಂಸರಿಗೆ ಉಳಿದ ದಾರಿ.