ಟಿಪ್ಪು ವಿಚಾರದಲ್ಲಿ ಬಾಯಿ ಮುಚ್ಚಿಸಲು ಹೊರಟ ಎಲ್ಲರಿಗೂ, ಭಾಗಮಂಡಲದಿಂದ



ನಿಮ್ಮಲ್ಲಿ ಎರಡು ಗುಂಪಿನವರಿದ್ದೀರಿ. ಟಿಪ್ಪುವನ್ನು ಹೊಗಳಿದವರ ಬಾಯಿ ಮುಚ್ಚಿಸಬೇಕೆನ್ನುವವರು ಒಂದು ಕಡೆ, ತೆಗಳಿದವರ ಪುಸ್ತಕ ತಡೆಯಬೇಕೆನ್ನುವವರು ಇನ್ನೊಂದು ಕಡೆ. ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ, ಏಕೆಂದರೆ ಇಬ್ಬರೂ ಕೇಳುತ್ತಿರುವುದು ಒಂದನ್ನೇ.

ತಲಕಾವೇರಿಗೆ ಹೋಗುವವರಿಗೆ ನಮ್ಮೂರು ಸಂಗಮದಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದು ಮುಂದೆ ಸಾಗುವ ಜಾಗ. ಟಿಪ್ಪು ಇದನ್ನು ಹಿಡಿದಿಟ್ಟುಕೊಂಡಿದ್ದ ವರ್ಷಗಳಲ್ಲಿ ಇದರ ಹೆಸರು ಅಫ್ಜಲಾಬಾದ್. 1790ರಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಇದನ್ನು ಮರಳಿ ಗೆದ್ದ. ಇಲ್ಲಿಗೆ ಹತ್ತಿರದ ಅಯ್ಯಂಗೇರಿಯ ಕಡೆ ದೇವಟ್ಟಿಪರಂಬು ಇದೆ. 1785ರಲ್ಲಿ ಕೊಡವರನ್ನು ಮೋಸದಿಂದ ಸುತ್ತುವರಿದು ಕಡಿದದ್ದು ಅಲ್ಲಿಯೇ ಎಂದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಕೊಡವ ನ್ಯಾಷನಲ್ ಕೌನ್ಸಿಲ್‌ನವರು ಅಲ್ಲಿ ಸೇರಿ ಹಿರಿಯರಿಗೆ ನಮಿಸುತ್ತಾರೆ, ಸ್ಮಾರಕ ಬೇಕೆಂದು ಕೇಳುತ್ತಾರೆ.

ಈ ನೋವು ಯಾರೋ ಚುನಾವಣೆಗೆಂದು ಹೊಸೆದದ್ದಲ್ಲ. ಕರ್ನೂಲಿನ ನವಾಬ ರನ್ಮಸ್ತ್ ಖಾನನಿಗೆ ಬರೆದ ಪತ್ರದಲ್ಲಿ ಟಿಪ್ಪುವೇ 40 ಸಾವಿರ ಕೊಡಗರನ್ನು ಸೆರೆಹಿಡಿದು ಮತಾಂತರಿಸಿದ್ದನ್ನು ಹೇಳಿಕೊಂಡಿದ್ದಾನೆ. ಬ್ರಿಟಿಷ್ ಇತಿಹಾಸಕಾರ ವಿಲ್ಕ್ಸ್ 70 ಸಾವಿರ ಎನ್ನುತ್ತಾನೆ. ಆ ಕಾಲದ ಕೊಡಗಿನಲ್ಲಿ ಅಷ್ಟು ಜನ ಇದ್ದರೇ ಎಂದು ಕೇಳುವವರೂ ಇದ್ದಾರೆ. ಹಾಗೆ ಕೇಳಿದವರು ನನ್ನ ಹಿರಿಯರಿಗೆ ಅವಮಾನ ಮಾಡಿದರೆಂದು ನಾನು ತಿಳಿಯುವುದಿಲ್ಲ. ಅವರು ಲೆಕ್ಕ ಕೇಳುತ್ತಿದ್ದಾರೆ. ಕೊಡಬೇಕಾದವರು ನಾವು.

ಇದೇ ಟಿಪ್ಪು ಶೃಂಗೇರಿ ಮಠಕ್ಕೆ ಬರೆದ ಪತ್ರಗಳೂ ಇವೆ. 1791ರಲ್ಲಿ ಮರಾಠರ ದಂಡಿನವರು ಮಠವನ್ನು ಲೂಟಿ ಮಾಡಿದಾಗ ಶಾರದೆಯ ವಿಗ್ರಹವನ್ನು ಮತ್ತೆ ಪ್ರತಿಷ್ಠಾಪಿಸಲು ಹಣ ಕಳಿಸಿದವನು ಅವನೇ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ 1916ರಲ್ಲಿ ಆ ಪತ್ರಗಳನ್ನು ಬೆಳಕಿಗೆ ತಂದರು. ಕರ್ನೂಲಿಗೆ ಹೋದ ಪತ್ರವೂ ಟಿಪ್ಪುವಿನದು, ಶೃಂಗೇರಿಗೆ ಹೋದ ಪತ್ರವೂ ಟಿಪ್ಪುವಿನದು. ಒಂದನ್ನು ಓದುವವರು ಇನ್ನೊಂದನ್ನು ಓದಗೊಡುವುದಿಲ್ಲ ಎಂದು ಹಟ ಹಿಡಿದರೆ ಇತಿಹಾಸ ಗೊತ್ತಾಗುವುದು ಹೇಗೆ? ಆಗ ಮತಾಂತರವಾದವರ ವಂಶದವರೆಂದು ಹೇಳಿಕೊಳ್ಳುವ, ಕೊಡವ ಮನೆತನದ ಹೆಸರನ್ನು ಇಂದಿಗೂ ಬಿಡದ ಮುಸ್ಲಿಂ ಕುಟುಂಬಗಳು ಇದೇ ಜಿಲ್ಲೆಯಲ್ಲಿವೆ. ಅವರ ಕತೆ ಇಷ್ಟು ವರ್ಷಗಳ ಗದ್ದಲದಲ್ಲಿ ಯಾವ ವೇದಿಕೆಯ ಮೇಲೂ ನನ್ನ ಕಿವಿಗೆ ಬಿದ್ದಿಲ್ಲ. ಎರಡೂ ಕಡೆಯವರಿಗೆ ಅದು ಬೇಕಾಗಿಲ್ಲ ಎಂದೇ ನನ್ನ ಅನುಮಾನ.

2015ರ ನವೆಂಬರ್ 10 ನೆನಪಿರಬೇಕು. ಸರ್ಕಾರ ಮೊದಲ ಸಲ ಟಿಪ್ಪು ಜಯಂತಿ ಆಚರಿಸಿದ ದಿನ ಮಡಿಕೇರಿಯಲ್ಲಿ ಕಲ್ಲು ತೂರಾಟವಾಯಿತು. ಆ ಗಲಭೆಯಲ್ಲಿ ಹಿಂದೂ ಸಂಘಟನೆಯ ಹಿರಿಯರೊಬ್ಬರು ತೀರಿಕೊಂಡರು, ಕೆಲವೇ ದಿನಗಳಲ್ಲಿ ಒಬ್ಬ ಮುಸ್ಲಿಂ ಯುವಕನೂ ತೀರಿಕೊಂಡ. ಮುಂದಿನ ವರ್ಷಗಳಲ್ಲಿ ನವೆಂಬರ್ 10 ಎಂದರೆ ಕೊಡಗಿಗೆ ಬಂದ್. ಅಂಗಡಿಗಳ ಶಟರ್ ಕೆಳಗೆ, ಖಾಸಗಿ ಬಸ್ಸುಗಳು ಶೆಡ್ಡಿನಲ್ಲಿ, ದಾರಿಯುದ್ದಕ್ಕೂ ಪೊಲೀಸ್ ವ್ಯಾನು. ಕಾಫಿ ಕೊಯ್ಲಿಗೆ ಆಳು ತರಬೇಕಾದವರು ಜೀಪು ತೆಗೆಯಲು ಹೆದರಿ ಮನೆಯಲ್ಲೇ ಕೂರುತ್ತಿದ್ದರು. ಸಭಾಂಗಣದೊಳಗೆ ಪೊಲೀಸರ ಕಾವಲಿನಲ್ಲಿ ಜಯಂತಿ ನಡೆಯುತ್ತಿತ್ತು. ಹೊರಗಿದ್ದ ನಮಗೆ ಒಳಗಿನ ಭಾಷಣ ಕೇಳಲಿಲ್ಲ, ಒಳಗಿದ್ದವರಿಗೆ ನಮ್ಮ ಮಾತೂ ಕೇಳಲಿಲ್ಲ.

ಸರ್ಕಾರಿ ಜಯಂತಿಯನ್ನು ನಾನೂ ವಿರೋಧಿಸಿದವನು. ತೆರಿಗೆಯ ದುಡ್ಡಿನಲ್ಲಿ ಯಾರ ಹಬ್ಬ ಮಾಡಬೇಕು, ಯಾರದ್ದು ಬೇಡ ಎಂದು ಕೇಳುವುದು ಜನರ ಹಕ್ಕು. 2019ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಾಗ ಯಾರ ವಾಕ್ ಸ್ವಾತಂತ್ರ್ಯವೂ ಹೋಗಲಿಲ್ಲ. ಆದರೆ 2015ರ ಅದೇ ದಿನ ಬೆಂಗಳೂರಿನಲ್ಲಿ ಗಿರೀಶ ಕಾರ್ನಾಡರು ವಿಮಾನ ನಿಲ್ದಾಣಕ್ಕೆ ಟಿಪ್ಪುವಿನ ಹೆಸರಿಡಬಹುದಿತ್ತು ಎಂದದ್ದಕ್ಕೆ ಕಲಬುರ್ಗಿಯವರಿಗೆ ಆದ ಗತಿಯೇ ನಿಮಗೂ ಆಗುತ್ತದೆ ಎಂಬ ಬೆದರಿಕೆ ಬಂತಲ್ಲ, ಅದನ್ನು ಜಯಂತಿ ವಿರೋಧದ ಲೆಕ್ಕಕ್ಕೆ ಸೇರಿಸಲು ನಾನು ಒಪ್ಪುವುದಿಲ್ಲ. ವಿದ್ವಾಂಸ ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಅವರ ಮನೆಬಾಗಿಲಲ್ಲಿ ಗುಂಡಿಟ್ಟು ಕೊಂದು ಆಗಿನ್ನೂ ಮೂರು ತಿಂಗಳೂ ಆಗಿರಲಿಲ್ಲ. ಕಾರ್ನಾಡರು ಕ್ಷಮೆ ಕೇಳಿದರು. ಅವರ ಮಾತು ನನಗೂ ಹಿಡಿಸಿರಲಿಲ್ಲ. ಆದರೆ ಆ ಬೆದರಿಕೆಯಿಂದಾಗಲಿ ಆ ಕ್ಷಮೆಯಿಂದಾಗಲಿ ಕೊಡಗಿಗೆ ಏನು ಸಿಕ್ಕಿತು? ದೇವಟ್ಟಿಪರಂಬಿನಲ್ಲಿ ಸತ್ತವರ ಒಂದು ಹೆಸರಾದರೂ ದಾಖಲಾಯಿತೇ?

ಈಗ ಆಚೆ ಕಡೆಯವರಿಗೆ. 2022ರಲ್ಲಿ ಕೊಡಗಿನವರೇ ಆದ, ಆಗ ಮೈಸೂರು ರಂಗಾಯಣದ ನಿರ್ದೇಶಕರಾಗಿದ್ದ ಅಡ್ಡಂಡ ಕಾರ್ಯಪ್ಪ ‘ಟಿಪ್ಪು ನಿಜಕನಸುಗಳು’ ಬರೆದರು. ಕಾರ್ನಾಡರ ‘ಟಿಪ್ಪುವಿನ ಕನಸುಗಳು’ ನಾಟಕಕ್ಕೆ ಎದುರಾಗಿ ನಿಲ್ಲುವ ನಾಟಕ ಅದು. ನಾಟಕಕ್ಕೆ ನಾಟಕವೇ ಉತ್ತರ, ಇದಕ್ಕಿಂತ ನ್ಯಾಯವಾದ ದಾರಿ ಯಾವುದು? ಆದರೂ ಪುಸ್ತಕದ ಮಾರಾಟಕ್ಕೆ ಬೆಂಗಳೂರಿನ ನ್ಯಾಯಾಲಯದಿಂದ ತಾತ್ಕಾಲಿಕ ತಡೆ ತಂದಿರಿ. ಆಮೇಲೆ ಅದು ತೆರವಾಯಿತು, ನಿಜ. ಕಾರ್ನಾಡರ ಪರವಾಗಿ ಅಭಿವ್ಯಕ್ತಿ ಸ್ವಾತಂತ್ರ್ಯದ ಮಾತಾಡಿದ ಎಷ್ಟೋ ಜನ ಆ ದಿನಗಳಲ್ಲಿ ಸುಮ್ಮನಿದ್ದರು. ಅದು ನನಗೆ ಇಂದಿಗೂ ಬೇಸರದ ಸಂಗತಿ.

ಅದೇ ನಾಟಕದಿಂದಾಗಿ ಊರೆಲ್ಲ ಮಾತಾದ ಉರಿಗೌಡ, ನಂಜೇಗೌಡರ ಕತೆ ಏನಾಯಿತು ನೋಡಿ. ಟಿಪ್ಪುವನ್ನು ಕೊಂದವರು ಇವರೇ ಎಂದು ಹಬ್ಬಿಸಿದರು. 2023ರ ಮಾರ್ಚ್‌ನಲ್ಲಿ ಆಗಿನ ಸಚಿವ ಮುನಿರತ್ನ ಸಿನಿಮಾ ಮಾಡಲು ಹೊರಟರು. ಇತಿಹಾಸ ಬಲ್ಲವರು ದಾಖಲೆ ಎಲ್ಲಿ ಎಂದರು. ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯೂ ಆಧಾರ ಬೇಕೆಂದರು. ಸಿನಿಮಾ ನಿಂತಿತು. ಕಲ್ಲು ಬೀಳಲಿಲ್ಲ, ಯಾರ ತಲೆಗೂ ಬೆಲೆ ಕಟ್ಟಲಿಲ್ಲ, ತಡೆಯಾಜ್ಞೆಯೂ ಬೇಕಾಗಲಿಲ್ಲ. ಪುಸ್ತಕವನ್ನು ಮೊದಲೇ ಮುಚ್ಚಿಸಿದ್ದರೆ ಆ ಕತೆ ‘ಅಡಗಿಸಿಟ್ಟ ಸತ್ಯ’ ಎಂಬ ಹೆಸರಿನಲ್ಲಿ ಮನೆಮನೆ ಸೇರುತ್ತಿತ್ತು.

ಬಾಯಿ ಮುಚ್ಚಿಸುವ ಅಭ್ಯಾಸ ಒಂದೇ ವಿಷಯಕ್ಕೆ ನಿಲ್ಲುವುದೂ ಇಲ್ಲ. 2022ರ ಆಗಸ್ಟ್‌ನಲ್ಲಿ ಮಳೆಹಾನಿ ನೋಡಲು ಬಂದ ಸಿದ್ದರಾಮಯ್ಯನವರ ಕಾರಿಗೆ, ಸಾವರ್ಕರ್ ಬಗ್ಗೆ ಅವರಾಡಿದ ಮಾತಿಗೆಂದು, ಮೊಟ್ಟೆ ಬಿತ್ತು. ಕೊಡ್ಲಿಪೇಟೆಯ ದೇವಸ್ಥಾನಕ್ಕೆ ಮಾಂಸ ತಿಂದು ಹೋದರು ಎಂಬ ಜಗಳ ಅದರ ಬೆನ್ನಿಗೇ ಎದ್ದಿತು. ಕಾರಣಂಗೆ ಕೊಡುವಾಗ ಹಿರಿಯರ ಎಡೆಗೆ ಮಾಂಸ, ಮದ್ಯ ಇಡುವ ಜಿಲ್ಲೆ ನಮ್ಮದು. ಕಾವೇರಿ ತೀರ್ಥೋದ್ಭವದ ತುಲಾ ಸಂಕ್ರಮಣ ಹತ್ತಿರ ಬಂದಾಗ ಅದೆರಡನ್ನೂ ಬಿಟ್ಟು ನಿಯಮ ಹಿಡಿಯುವವರೂ ನಾವೇ. ಹಾಗೆ ಬಿಟ್ಟವರು ಯಾರೂ ಪಕ್ಕದ ಮನೆಯ ಪಾತ್ರೆ ತೆಗೆದು ನೋಡುವುದಿಲ್ಲ. ಕೊನೆಗೆ ಎರಡು ಪಕ್ಷಗಳೂ ಮಡಿಕೇರಿಗೆ ಜನ ಸೇರಿಸಲು ಹೊರಟವು, ಜಿಲ್ಲಾಡಳಿತ ಇಡೀ ಕೊಡಗಿಗೆ ನಿಷೇಧಾಜ್ಞೆ ಹಾಕಿತು. ಗುಡ್ಡ ಜರಿದು ಮನೆ ಕಳೆದುಕೊಂಡವರ ವಿಷಯ ಪತ್ರಿಕೆಯ ಒಳಪುಟಕ್ಕೆ ಹೋಯಿತು. ಮಳೆಹಾನಿ ಎಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರ ಆಗಸ್ಟ್‌ನಲ್ಲಿ ಬ್ರಹ್ಮಗಿರಿ ಕುಸಿದು ತಲಕಾವೇರಿಯ ಅರ್ಚಕರ ಮನೆಯನ್ನೇ ನುಂಗಿತ್ತು.

ಕೊಲ್ಲುತ್ತೇವೆ ಎನ್ನುವುದನ್ನು, ಒಂದು ಜನಾಂಗದ ಮೇಲೆ ಕೈಮಾಡಲು ಕರೆಕೊಡುವುದನ್ನು ನಾನು ಅಭಿಪ್ರಾಯ ಎನ್ನುವುದಿಲ್ಲ. ಅದಕ್ಕೆ ಪೊಲೀಸರಿದ್ದಾರೆ, ಕಾನೂನಿದೆ. ಉಳಿದದ್ದೆಲ್ಲ, ಭಾವನೆಗೆ ಧಕ್ಕೆ ತರುವ ಮಾತೂ ಸೇರಿ, ನಡೆಯಬೇಕು. ಕೊಡಗಿನ ಕತೆಗೆ ಬಹುಕಾಲ ಪಠ್ಯಪುಸ್ತಕದಲ್ಲಿ ಜಾಗವೇ ಇರಲಿಲ್ಲ. ಅದನ್ನು ಹೇಳುತ್ತ ಬಂದದ್ದು ಕೆಲವೇ ಜನ, ಬಹುಮತಕ್ಕೆ ಹಿಡಿಸದಿದ್ದರೂ. ಅವರಿಗೆ ಇದ್ದ ಬಲ ಹೇಳುವ ಹಕ್ಕೊಂದೇ. ಅದನ್ನು ಇನ್ನೊಬ್ಬರಿಂದ ಕಿತ್ತುಕೊಳ್ಳಲು ಹೊರಡುವ ನಮ್ಮವರನ್ನು ಕಂಡರೆ ನನಗೆ ಹೆಚ್ಚು ಭಯ.

ಒಂದು ಬೇಡಿಕೆ ಇದೆ. ಬರುವ ನವೆಂಬರ್ 10ಕ್ಕೆ ಬಂದ್ ಬೇಡ, ಮೆರವಣಿಗೆಯೂ ಬೇಡ. ಭಾಗಮಂಡಲದಲ್ಲಿ ಒಂದು ಸಭೆ ಸೇರೋಣ. ಕೊಡಗಿನ ಅರಸರ ಇತಿಹಾಸ ಹೇಳುವ ರಾಜೇಂದ್ರನಾಮೆ ಓದಿದವರೊಬ್ಬರು, ಶೃಂಗೇರಿಯ ಪತ್ರಗಳನ್ನು ಓದಿದವರೊಬ್ಬರು, ಕೊಡವ ಮುಸ್ಲಿಂ ಮನೆತನದ ಹಿರಿಯರೊಬ್ಬರು ಮಾತಾಡಲಿ. ಒಬ್ಬೊಬ್ಬರಿಗೂ ಒಂದು ಗಂಟೆ, ಆಮೇಲೆ ಪ್ರಶ್ನೆ. ನಡುವೆ ಎದ್ದು ಕೂಗುವುದಿಲ್ಲ ಎಂದು ಎರಡೂ ಗುಂಪಿನವರು ಮೊದಲೇ ಬರೆದುಕೊಟ್ಟರೆ ಸಾಕು. ಸಭಾಂಗಣ, ಊಟ ನಮ್ಮ ಊರಿನ ಹೊಣೆ. ಒಪ್ಪಿಗೆಯೋ ಇಲ್ಲವೋ, ಇದೇ ಪತ್ರಿಕೆಗೆ ಬರೆದು ತಿಳಿಸಿ.

ಇಂತಿ,
ಭಾಗಮಂಡಲದ ಒಬ್ಬ ನಿವಾಸಿ